ಯೆಲ್ಲೋ ಬ್ರೀಚಸ್ ಹಳ್ಳದಲ್ಲಿ ಟ್ರೌಟ್ ಮತ್ತು ಬ್ಯಾಸ್: ಮೊದಲು ನೀರಿನ ಬಿಸಿ ಅಳೆಯಿರಿ

ಪೆನ್ಸಿಲ್ವೇನಿಯಾದ ಯೆಲ್ಲೋ ಬ್ರೀಚಸ್ ಹಳ್ಳಕ್ಕೆ ಹೊಸದಾಗಿ ಗಾಳ ಹಾಕಲು ಹೊರಡುವವರು ಯಾವ ರಾಡ್, ಯಾವ ರೀಲ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲು ಕೊಳ್ಳಬೇಕಾದ್ದು ಥರ್ಮಾಮೀಟರ್. ಈ ಹಳ್ಳದಲ್ಲಿ ತಣ್ಣೀರಿನ ಮೀನಾದ ಟ್ರೌಟ್ ಇದೆ, ಬೆಚ್ಚನೆಯ ನೀರು ಬಯಸುವ ಸ್ಮಾಲ್‌ಮೌತ್ ಬ್ಯಾಸ್ ಕೂಡ ಇದೆ. ಇವತ್ತು ಯಾವುದಕ್ಕೆ ಗಾಳ ಹಾಕಬೇಕು, ಅದು ಎಲ್ಲಿ ನಿಂತಿರುತ್ತದೆ, ಹಿಡಿದು ಬಿಟ್ಟರೆ ಬದುಕುತ್ತದೋ ಇಲ್ಲವೋ ಎಂಬುದೆಲ್ಲ ನೀರಿನ ಬಿಸಿಯ ಮೇಲೆ ನಿಂತಿದೆ. ಬಣ್ಣ ಬಣ್ಣದ ಲೂರ್‌ಗಳ, ಅಂದರೆ ನಕಲಿ ಎರೆಗಳ, ಡಬ್ಬಿ ಆಮೇಲಿನ ಮಾತು.

ಹಳ್ಳ ಸೌತ್ ಮೌಂಟನ್ ಬೆಟ್ಟಸಾಲಿನ ಬುಡದಲ್ಲಿ ಹುಟ್ಟಿ, ಕಂಬರ್ಲೆಂಡ್ ಕೌಂಟಿಯಲ್ಲಿ ಪೂರ್ವಕ್ಕೆ ಸುಮಾರು 56 ಮೈಲಿ ಹರಿದು, ಹ್ಯಾರಿಸ್‌ಬರ್ಗ್ ಎದುರಿನ ನ್ಯೂ ಕಂಬರ್ಲೆಂಡ್ ಊರಲ್ಲಿ ಸಸ್ಕ್ವೆಹಾನಾ ನದಿಗೆ ಸೇರುತ್ತದೆ. ನಡುವೆ ಬಾಯ್ಲಿಂಗ್ ಸ್ಪ್ರಿಂಗ್ಸ್ ಎಂಬ ಊರಿದೆ. ಹೆಸರು ಕೇಳಿ ಬಿಸಿನೀರಿನ ಬುಗ್ಗೆ ಅಂದುಕೊಳ್ಳಬೇಡಿ. ಸುಣ್ಣಕಲ್ಲಿನ ಒಳಗಿಂದ ತಣ್ಣಗಿನ ನೀರು ಕುದಿಯುವ ಹಾಗೆ ಉಕ್ಕುತ್ತದೆ, ಅಷ್ಟೇ. ಆ ನೀರು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೆಚ್ಚುಕಡಿಮೆ 52 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 11 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಊರಿನ ಕೆರೆಯಿಂದ ಹೊರಬಿದ್ದು ಹಳ್ಳಕ್ಕೆ ಸೇರಿದ ಮೇಲೆ ಕೆಳಗಿನ ಒಂದೆರಡು ಮೈಲಿ ನಡುಬೇಸಿಗೆಯಲ್ಲೂ ತಂಪು. ಅಲ್ಲಿ ಟ್ರೌಟ್. ಕೆಳಕ್ಕೆ ಹೋದಂತೆ ಬಿಸಿಲು ಬಿದ್ದು ನೀರು ಬೆಚ್ಚಗಾಗುತ್ತದೆ, ಕಲ್ಲಿನ ಮಡುಗಳು ಹೆಚ್ಚುತ್ತವೆ, ಬ್ಯಾಸ್ ಶುರುವಾಗುತ್ತದೆ. ಎರಡೂ ಸಿಗುವ ನಡುಭಾಗವೂ ಇದೆ, ತಪ್ಪು ಆಗುವುದೂ ಅಲ್ಲೇ ಹೆಚ್ಚು.

ಥರ್ಮಾಮೀಟರ್‌ಗೆ ಒಂದು ಮಾರು ದಾರ ಕಟ್ಟಿ, ನೆರಳಿರುವ ಕಡೆ, ಮೊಣಕಾಲಿನಾಳದ ಹರಿಯುವ ನೀರಿನಲ್ಲಿ ಒಂದು ನಿಮಿಷ ಬಿಡಿ. ದಡದ ನಿಂತ ನೀರಿನಲ್ಲಿ ಅಳೆದರೆ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸಬಹುದು. ಓದುವಾಗ ಪೂರ್ತಿ ಮೇಲೆತ್ತಬೇಡಿ, ಗಾಳಿಗೆ ಬಂದ ಕೂಡಲೇ ಪಾದರಸವೋ ಆಲ್ಕೋಹಾಲೋ ಏರಲು ಶುರು ಮಾಡುತ್ತದೆ.

40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಎರಡೂ ಮೀನು ಮಂಕು. 50ರಿಂದ 65ರವರೆಗೆ, ಅಂದರೆ 10ರಿಂದ 18 ಸೆಲ್ಸಿಯಸ್, ಟ್ರೌಟ್ ಚೆನ್ನಾಗಿ ತಿನ್ನುತ್ತದೆ. ಬ್ಯಾಸ್ 50 ದಾಟಿದ ಮೇಲೆ ಮೈಮುರಿದು ಏಳುತ್ತದೆ, 65ರಿಂದ 75ರ ನಡುವೆ ಅದರ ಹೊಟ್ಟೆಬಾಕತನಕ್ಕೆ ಮಿತಿ ಇಲ್ಲ. 68 ಅಂದರೆ 20 ಸೆಲ್ಸಿಯಸ್ ಮುಟ್ಟಿತೋ, ಟ್ರೌಟ್ ಬಿಟ್ಟುಬಿಡಿ. ಇದು ಮಡಿವಂತಿಕೆಯ ಮಾತಲ್ಲ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 20 ಡಿಗ್ರಿಯಲ್ಲಿ 9 ಮಾತ್ರ. ನೀರು ಬಿಸಿಯಾದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಏರುತ್ತದೆ. ಗಾಳಕ್ಕೆ ಸಿಕ್ಕು ಎರಡು ನಿಮಿಷ ಒದ್ದಾಡಿದ ಟ್ರೌಟ್ ಆ ಸಾಲ ತೀರಿಸಲಾರದೆ, ಕೈಬಿಟ್ಟಾಗ ಈಜಿ ಹೋದಂತೆ ಕಂಡರೂ ಅರ್ಧ ಗಂಟೆಯ ಮೇಲೆ ಕೆಳಗೆಲ್ಲೋ ಹೊಟ್ಟೆ ಮೇಲಾಗಿ ತೇಲುತ್ತದೆ. ಹಿಡಿದು ಬಿಟ್ಟೆ ಎಂಬ ಸಮಾಧಾನಕ್ಕೆ ಅಲ್ಲಿ ಅರ್ಥವಿಲ್ಲ.

ಜುಲೈ ತಿಂಗಳಲ್ಲಿ ಆಫೀಸು ಮುಗಿಸಿ ಆರು ಗಂಟೆಗೆ ಬರುವವರು ತಂಪು ಹೊತ್ತು ಅಂದುಕೊಳ್ಳುತ್ತಾರೆ. ಗಾಳಿ ತಂಪಾಗಿರಬಹುದು, ನೀರು ಹಾಗಲ್ಲ. ಹಳ್ಳದ ನೀರು ದಿನದಲ್ಲೇ ಅತಿ ಬಿಸಿಯಾಗಿರುವುದು ಸಂಜೆ ನಾಲ್ಕರಿಂದ ಆರರ ಹೊತ್ತಿಗೆ, ಅತಿ ತಂಪಾಗಿರುವುದು ಸೂರ್ಯ ಹುಟ್ಟಿದ ಆಸುಪಾಸಿಗೆ. ಬೇಸಿಗೆಯಲ್ಲಿ ಬೆಳಗ್ಗೆ ಟ್ರೌಟ್, ಸಂಜೆ ಬ್ಯಾಸ್ ಅಂತ ಇಟ್ಟುಕೊಂಡರೆ ಬಹುಪಾಲು ಸರಿಹೋಗುತ್ತದೆ. ಬಿಸಿ ದಿನಗಳಲ್ಲಿ ತಣ್ಣೀರಿನ ಸಣ್ಣ ಝರಿ ಹಳ್ಳಕ್ಕೆ ಸೇರುವ ಬಾಯಿಯಲ್ಲಿ ಹತ್ತಾರು ಟ್ರೌಟ್ ಒತ್ತೊತ್ತಾಗಿ ನಿಂತಿರುವುದು ಕಾಣಿಸುತ್ತದೆ. ಅವು ಜೀವ ಉಳಿಸಿಕೊಳ್ಳಲು ಅಲ್ಲಿಗೆ ಬಂದಿರುತ್ತವೆ. ಅಲ್ಲಿ ಗಾಳ ಹಾಕುವವರನ್ನು ಬಲ್ಲವರು ಯಾರೂ ಒಳ್ಳೆಯ ಬೇಟೆಗಾರರು ಅನ್ನುವುದಿಲ್ಲ.

ಮೀನು ಎಲ್ಲಿ ನಿಲ್ಲುತ್ತದೆ

ಊರಿನ ಕೆರೆಯಲ್ಲಿ ಬೆಂಡು ಕಟ್ಟಿ, ಎರೆಹುಳು ಚುಚ್ಚಿ, ದಡದಲ್ಲಿ ಕೂತು ಕಾಯ್ದ ಅಭ್ಯಾಸವಿದ್ದವರಿಗೆ ಹಳ್ಳ ಬೇರೆಯೇ ಆಟ. ಕೆರೆಯಲ್ಲಿ ಮೀನು ಸುತ್ತಾಡಿ ಎರೆಯ ಹತ್ತಿರ ಬರುತ್ತದೆ. ಹಳ್ಳದಲ್ಲಿ ಮೀನು ಒಂದು ಜಾಗ ಹಿಡಿದು, ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ತಿನಿಸನ್ನು ನೀರೇ ತಂದುಕೊಡುತ್ತದೆ. ಹಾಗಾಗಿ ಕೂತು ಕಾಯುವುದರಿಂದ ಪ್ರಯೋಜನವಿಲ್ಲ. ಒಂದು ಜಾಗಕ್ಕೆ ಹತ್ತು ಹದಿನೈದು ಸಲ ಎಸೆದು, ಮುಟ್ಟದಿದ್ದರೆ ಮುಂದಕ್ಕೆ ನಡೆಯಿರಿ. ನಡೆಯುವುದು ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಹಿಂದಿನಿಂದ. ಮೇಲಿನಿಂದ ಕೆಳಗೆ ಬಂದರೆ ನೀವು ಕದಡಿದ ಕೆಸರು ನಿಮಗಿಂತ ಮೊದಲೇ ಹೋಗಿ ಸುದ್ದಿ ಹೇಳುತ್ತದೆ.

ಯಾವ ಹಳ್ಳವಾದರೂ ಹೆಚ್ಚುಕಡಿಮೆ ಒಂದೇ ಸರಣಿ: ಕಲ್ಲುಗಳ ಮೇಲೆ ತೆಳುವಾಗಿ ನೊರೆಯೇಳುತ್ತ ಹರಿಯುವ ನೀರು, ಅದು ಇಳಿದು ಬೀಳುವ ಮಡು, ಮಡುವಿನ ಆಚೆ ತುದಿಯಲ್ಲಿ ಮತ್ತೆ ನೆಲ ಮೇಲೆದ್ದು ನೀರು ತೆಳುವಾಗುವ ಬಾಲ. ಮಡುವಿನ ತಲೆಯಲ್ಲಿ, ನೊರೆ ಕೊನೆಯಾಗುವ ಕಡೆ, ರೇನ್‌ಬೋ ಟ್ರೌಟ್ ನಿಲ್ಲುತ್ತದೆ. ಆಮ್ಲಜನಕ ಹೆಚ್ಚು, ತಿನಿಸು ಮೊದಲು ಬರುವುದೂ ಅಲ್ಲಿಗೇ. ಬ್ರೌನ್ ಟ್ರೌಟ್ ನಾಚಿಕೆಯದು. ಹಗಲಲ್ಲಿ ದಡದ ಕೆಳಗೆ ಕೊರೆದ ಪೊಟರೆ, ಬೇರಿನ ಬುಡ, ಬಿದ್ದ ಮರದ ನೆರಳು ಬಿಟ್ಟು ಬರುವುದಿಲ್ಲ. ಕತ್ತಲಾಗುವ ಹೊತ್ತಿಗೆ ಅದೇ ಮೀನು ಮಡುವಿನ ಬಾಲಕ್ಕೆ, ಒಂದಡಿ ನೀರಿಗೂ ಬರುತ್ತದೆ. ಬ್ರೂಕ್ ಟ್ರೌಟ್ ಬೇಕಿದ್ದರೆ ಬೆಟ್ಟದ ಬುಡದ ಅತಿ ತಣ್ಣಗಿನ ಸಣ್ಣ ಕವಲುಗಳಿಗೆ ಹೋಗಬೇಕು. ಇಲ್ಲಿನ ಮೂಲನಿವಾಸಿ ಅದೊಂದೇ. ಬ್ರೌನ್ ಟ್ರೌಟಿನ ಮೊಟ್ಟೆಗಳು 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದವು, ರೇನ್‌ಬೋ ಪಶ್ಚಿಮ ಕರಾವಳಿಯದು. ಬ್ಯಾಸ್ ಕೂಡ ಅಪಲೇಷಿಯನ್ ಬೆಟ್ಟಗಳ ಆಚೆಯದು. 1854ರಲ್ಲಿ ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಹಾಕಿ ತಂದು ಪೊಟೊಮ್ಯಾಕ್ ಕಡೆಗೆ ಬಿಟ್ಟರು.

ಬ್ಯಾಸ್ ಹುಡುಕುವಾಗ ಕಲ್ಲು ನೋಡಿ. ಕುರ್ಚಿಯಷ್ಟು ದೊಡ್ಡ ಬಂಡೆ, ಬಂಡೆಯ ಮೆಟ್ಟಿಲು, ಸೇತುವೆಯ ಕಂಬ, ಇವುಗಳ ಹಿಂದೆ ನೀರು ತಿರುಗಿ ಸುಳಿಯಾಗುವ ಜಾಗ. ಎಲ್ಲರೂ ಬಂಡೆಯ ಹಿಂದೆ ಮಾತ್ರ ಎಸೆಯುತ್ತಾರೆ. ಬಂಡೆಯ ಮುಂದೆಯೂ ನೀರು ಗುದ್ದಿ ನಿಧಾನವಾಗುವ ಒಂದು ಗೇಣಿನ ಜಾಗವಿರುತ್ತದೆ, ದೊಡ್ಡ ಮೀನು ಬಹಳ ಸಲ ಅಲ್ಲೇ. ಬ್ಯಾಸ್‌ಗೆ ಪ್ರಿಯವಾದದ್ದು ಕ್ರೇಫಿಶ್, ಸಿಗಡಿಯ ಹಾಗೆ ಕೊಂಡಿ ಇರುವ ಸಿಹಿನೀರಿನ ಪ್ರಾಣಿ. ಮುಷ್ಟಿಯಷ್ಟು ಕಲ್ಲುಗಳು ಹರಡಿದ ನೆಲದಲ್ಲಿ ಕ್ರೇಫಿಶ್, ಕ್ರೇಫಿಶ್ ಇದ್ದಲ್ಲಿ ಬ್ಯಾಸ್. ಬರೀ ಮರಳಿನ ನೆಲವನ್ನು ದಾಟಿ ಹೋಗಿ.

ವೇಗದ ನೀರೂ ನಿಧಾನದ ನೀರೂ ಸೇರುವ ಗೆರೆಯನ್ನು ಗುರುತಿಸಲು ನೊರೆಗುಳ್ಳೆಗಳು ಸಾಕು. ಅವು ಸಾಲಾಗಿ ಹೋಗುವ ದಾರಿಯಲ್ಲೇ ಹುಳಹುಪ್ಪಟೆಯೂ ಹೋಗುತ್ತದೆ. ಆ ಸಾಲಿನ ನಿಧಾನದ ಬದಿಯಲ್ಲಿ ಮೀನು. ಕಂದು ಅಥವಾ ತಾಮ್ರದ ಬಣ್ಣದ ಪೋಲರೈಸ್ಡ್ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಕಳೆದು ತಳ ಕಾಣುತ್ತದೆ. ಗಾಳ ಕಣ್ಣಿಗೆ ಹಾರುವುದನ್ನು ತಡೆಯಲೂ ಅದೇ ಬೇಕು.

ಮೀನಿಗೆ ನಾವು ಎಷ್ಟು ಕಾಣುತ್ತೇವೆ? ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ, ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಕೋನದೊಳಗೆ ತಗ್ಗಿರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆರಡಿ ಮನುಷ್ಯ ನೀರಿನ ಮಟ್ಟದ ದಡದಲ್ಲಿ ನಿಂತರೆ ಸುಮಾರು 35 ಅಡಿ ದೂರವಿರಬೇಕು. ಮಂಡಿಯೂರಿ ಮೂರಡಿಯಾದರೆ 17 ಅಡಿಗೆ ಹೋಗಬಹುದು. ಎತ್ತರದ ದಡದ ಮೇಲೆ ಆಕಾಶಕ್ಕೆ ಬೆನ್ನು ಕೊಟ್ಟು ನಿಲ್ಲುವವರಿಗೆ ಟ್ರೌಟ್ ಸಿಗದಿರುವುದು ಲೂರಿನ ದೋಷವಲ್ಲ.

ಸಾಮಾನು

ಒಂದೇ ಕೋಲಿನಲ್ಲಿ ಎರಡೂ ಮೀನು ಆಗಬೇಕಿದ್ದರೆ ಆರೂವರೆ ಅಡಿಯ ಲೈಟ್ ಪವರ್ (ಸುಲಭವಾಗಿ ಬಾಗುವ), ಫಾಸ್ಟ್ ಆಕ್ಷನ್ (ತುದಿಯ ಕಡೆ ಮಾತ್ರ ಬಾಗುವ) ಸ್ಪಿನ್ನಿಂಗ್ ರಾಡ್, 2000 ಅಳತೆಯ ರೀಲ್, 6 ಪೌಂಡ್ ಎಳೆತ ತಡೆಯುವ ನೈಲಾನ್ ಲೈನ್. ಟ್ರೌಟ್ ಮಾತ್ರವಾದರೆ 4 ಪೌಂಡ್ ಲೈನ್ ವಾಸಿ, ತಿಳಿನೀರಿನಲ್ಲಿ ಆ ವ್ಯತ್ಯಾಸ ಮೀನಿಗೆ ಗೊತ್ತಾಗುತ್ತದೆ. ಲೈನನ್ನು ರೀಲಿನ ಸ್ಪೂಲಿನ (ಲೈನ್ ಸುತ್ತುವ ಉರುಳೆಯ) ಅಂಚಿಗಿಂತ 3 ಮಿಲಿಮೀಟರ್ ಕೆಳಗಿನವರೆಗೆ ತುಂಬಿ. ಅದಕ್ಕಿಂತ ಹೆಚ್ಚಾದರೆ ಸುರುಳಿ ಸುರುಳಿಯಾಗಿ ಉದುರಿ ಗಂಟು, ಕಡಿಮೆಯಾದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ.

ಡ್ರ್ಯಾಗ್ ಅಂದರೆ ಮೀನು ಜಗ್ಗಿದಾಗ ರೀಲ್ ಲೈನ್ ಬಿಟ್ಟುಕೊಡುವ ಬಿಗಿ. ಅದನ್ನು ಲೈನಿನ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಬೇಕು. 6 ಪೌಂಡ್ ಲೈನಿಗೆ ಒಂದೂವರೆಯಿಂದ ಎರಡು ಪೌಂಡ್. ಕೈಯಲ್ಲಿ ಎಳೆದು ಅಂದಾಜು ಮಾಡಿದರೆ ಎಲ್ಲರೂ ಜಾಸ್ತಿಯೇ ಬಿಗಿಯುತ್ತಾರೆ. ಲಗೇಜ್ ತೂಗುವ ಸಣ್ಣ ತಕ್ಕಡಿಗೆ ಲೈನ್ ಕಟ್ಟಿ, ರಾಡ್ ಬಾಗಿಸಿ ಎಳೆದು ನೋಡಿ. ಗಂಟಿಗೆ ಇಂಪ್ರೂವ್ಡ್ ಕ್ಲಿಂಚ್ ಸಾಕು, ಐದು ಸುತ್ತು. ಬಿಗಿಯುವ ಮೊದಲು ಉಗುಳು ಹಚ್ಚಿ ಒದ್ದೆ ಮಾಡಿ. ಒಣಗಿದ ನೈಲಾನ್ ಎಳೆದಾಗ ಬಿಸಿಯಾಗಿ ಗಂಟಿನ ಬುಡದಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಲೈನ್ ಗಂಟಿನಲ್ಲಿ ಕಿತ್ತು, ತುದಿ ಹಂದಿಬಾಲದಂತೆ ಸುರುಳಿಯಾಗಿ ಬಂದರೆ ಗಂಟು ಜಾರಿತು ಅಂತ ಅರ್ಥ. ತುದಿ ತರಿತರಿಯಾಗಿದ್ದರೆ ಕಲ್ಲಿಗೆ ಉಜ್ಜಿದೆ. ಕಲ್ಲಿನ ಹಳ್ಳದಲ್ಲಿ ಆಗಾಗ ಕೊನೆಯ ಎರಡಡಿ ಲೈನನ್ನು ಉಗುರಿನ ನಡುವೆ ಎಳೆದು ನೋಡಿ, ಗೀರು ತಗುಲಿದರೆ ಕತ್ತರಿಸಿ ಮತ್ತೆ ಕಟ್ಟಿ.

ಟ್ರೌಟ್‌ಗೆ 1/16ರಿಂದ 1/8 ಔನ್ಸಿನ ಇನ್‌ಲೈನ್ ಸ್ಪಿನ್ನರ್, ಎಳೆದಾಗ ಸಣ್ಣ ತಗಡು ಗಿರಗಿರ ತಿರುಗುವ ಲೂರ್. ಮೆಪ್ಸ್ ಕಂಪನಿಯದಾದರೆ 0 ಅಥವಾ 1ನೇ ನಂಬರ್. ತಿಳಿನೀರಿಗೆ ಬೆಳ್ಳಿ ಬಣ್ಣದ ತಗಡು, ಕಲಕು ನೀರಿಗೆ ಹಿತ್ತಾಳೆ ಬಣ್ಣದ್ದು. ಹರಿವಿಗೆ ಅಡ್ಡವಾಗಿ ಸ್ವಲ್ಪ ಮೇಲ್ಗಡೆಗೆ ಎಸೆದು, ನೀರಿನ ವೇಗಕ್ಕಿಂತ ಒಂದಿಷ್ಟು ಜಾಸ್ತಿ ವೇಗದಲ್ಲಿ ಸುತ್ತಬೇಕು. ಬಿದ್ದ ಕೂಡಲೇ ಒಂದು ಸಣ್ಣ ಜಗ್ಗು ಕೊಟ್ಟರೆ ತಗಡು ತಿರುಗಲು ಶುರುವಾಗುತ್ತದೆ. ಅದು ತಿರುಗುವ ನಡುಕ ರಾಡಿನ ತುದಿಯಲ್ಲಿ ಗೊತ್ತಾಗಬೇಕು. ನಡುಕ ನಿಂತರೆ ಎಲೆ ಸಿಕ್ಕಿದೆ, ಇಲ್ಲವೇ ಸುತ್ತುವುದು ನಿಧಾನವಾಗಿದೆ.

ಸ್ಪಿನ್ನರಿನ ದೊಡ್ಡ ಕಾಟ ಲೈನ್ ಹುರಿಗೊಳ್ಳುವುದು. ತಡೆಯಲು ಸ್ಪಿನ್ನರಿಗಿಂತ ಒಂದೂವರೆ ಅಡಿ ಮೇಲೆ 10ನೇ ನಂಬರಿನ ಸ್ವಿವೆಲ್ (ತನ್ನಷ್ಟಕ್ಕೆ ತಿರುಗುವ ಸಣ್ಣ ಕೊಂಡಿ) ಹಾಕಿ, ಎಸೆದ ಮೇಲೆ ರೀಲಿನ ಬೇಲ್ ಕಂಬಿಯನ್ನು ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ. ಮೀನು ಡ್ರ್ಯಾಗ್ ಎಳೆಯುತ್ತಿರುವಾಗ ಹಿಡಿಕೆ ಸುತ್ತಬೇಡಿ, ಒಂದೊಂದು ಸುತ್ತಿಗೂ ಹುರಿ ಏರುತ್ತದೆ. ಆಗಲೇ ಹುರಿಗೊಂಡಿದ್ದರೆ ತುದಿಯಲ್ಲಿರುವುದನ್ನೆಲ್ಲ ಬಿಚ್ಚಿ, ಬರಿ ಲೈನನ್ನು ಹರಿವಿನಲ್ಲಿ ಐವತ್ತು ಅರವತ್ತು ಅಡಿ ಬಿಟ್ಟು ಕೆಲವು ನಿಮಿಷ ಹಾಗೇ ಹಿಡಿಯಿರಿ. ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬ್ಯಾಸ್‌ಗೆ 1/8 ಔನ್ಸಿನ ಜಿಗ್ ತಲೆಗೆ (ಭಾರದ ತಲೆಯಿರುವ ಗಾಳಕ್ಕೆ) ಸಿಕ್ಕಿಸಿದ ಮೂರಿಂಚಿನ ಮೆತ್ತನೆಯ ಪ್ಲಾಸ್ಟಿಕ್ ಗ್ರಬ್ ಅಥವಾ ಟ್ಯೂಬ್, ಕಂದು ಹಸಿರು ಬಣ್ಣದ್ದು. ನೆಲ ಮುಟ್ಟುವವರೆಗೆ ಬಿಟ್ಟು, ಒಂದಡಿ ಎತ್ತಿ, ಮತ್ತೆ ಬೀಳಲು ಬಿಡುವುದು. ಹೆದರಿದ ಕ್ರೇಫಿಶ್ ಓಡುವುದೂ ಹೀಗೇ. ಹತ್ತರಲ್ಲಿ ಎಂಟು ಸಲ ಮೀನು ಹಿಡಿಯುವುದು ಅದು ಬೀಳುವಾಗ, ಕೈಗೆ ಏನೂ ಗೊತ್ತಾಗುವುದಿಲ್ಲ. ಲೈನ್ ಪಕ್ಕಕ್ಕೆ ಸರಿದರೆ, ಅಥವಾ ಬೀಳಬೇಕಾದ್ದಕ್ಕಿಂತ ಮೊದಲೇ ಸಡಿಲಾದರೆ ಎಳೆಯಿರಿ. ಜೂನ್ ನಂತರದ ಮುಸ್ಸಂಜೆಗಳಲ್ಲಿ ನೀರಿನ ಮೇಲೆ ತೇಲುವ ಎರಡಿಂಚಿನ ಪಾಪರ್ ಎಂಬ ಲೂರ್ ಒಂದೇ ಸಾಕು. ಎಸೆದು, ಅಲೆಯ ಉಂಗುರ ಮಾಯವಾಗುವವರೆಗೆ ಮುಟ್ಟಬೇಡಿ. ತಡೆಯಲಾಗದೆ ಜಗ್ಗುವವರೇ ಜಾಸ್ತಿ.

ಎರೆಹುಳುವಿನಲ್ಲಿ ಹಿಡಿಯುವುದು ಕೀಳು ಅಂತ ಫ್ಲೈ (ಹುಳುವಿನಂತೆ ಕಾಣುವ ಹಾಗೆ ಕಟ್ಟಿದ ಹಗುರ ಗಾಳ) ಎಸೆಯುವ ಫ್ಲೈ ರಾಡ್‌ನವರು ಮೂಗು ಮುರಿಯುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಕಾನೂನು ಬಿಟ್ಟಿರುವ ಕಡೆ ಅದು ಒಳ್ಳೆಯ ವಿದ್ಯೆಯೇ. 8 ಅಥವಾ 10ನೇ ನಂಬರಿನ ಗಾಳ, ಅದಕ್ಕಿಂತ ಒಂದೂವರೆ ಅಡಿ ಮೇಲೆ ಸಣ್ಣ ಸೀಸದ ಗುಂಡು, ಹುಳುವನ್ನು ಪೂರ್ತಿ ಪೋಣಿಸದೆ ನಡುವೆ ಒಂದೇ ಕಡೆ ಚುಚ್ಚಿ ಎರಡು ತುದಿ ಜೋತಾಡಲು ಬಿಡಿ. ಎಲ್ಲ ಇರುವುದು ಸೀಸದ ಲೆಕ್ಕದಲ್ಲಿ. ತಳದ ನೀರು ಮೇಲಿನ ನೀರಿಗಿಂತ ನಿಧಾನ. ಹಾಗಾಗಿ ಎರೆ ಮೇಲಿನ ನೊರೆಗುಳ್ಳೆಗಿಂತ ನಿಧಾನವಾಗಿ ಸಾಗಬೇಕು, ಒಂದೆರಡು ಸೆಕೆಂಡಿಗೊಮ್ಮೆ ಗುಂಡು ಕಲ್ಲಿಗೆ ಟಕ್ ಅನ್ನಬೇಕು. ಪದೇಪದೇ ಸಿಕ್ಕಿಕೊಂಡರೆ ಒಂದು ಗುಂಡು ತೆಗೆಯಿರಿ, ಒಮ್ಮೆಯೂ ನೆಲ ತಾಗದಿದ್ದರೆ ಒಂದು ಸೇರಿಸಿ. ಮಡು ಬದಲಾದಾಗಲೆಲ್ಲ ಇದನ್ನು ಬದಲಿಸಬೇಕು. ಮುಟ್ಟಿದ ಕೂಡಲೇ ಎಳೆಯಿರಿ. ಕೆರೆಯಲ್ಲಿ ಬೆಂಡು ಮುಳುಗುವವರೆಗೆ ಕಾಯುವಂತೆ ಕಾದರೆ ಗಾಳ ಹೊಟ್ಟೆಗೆ ಇಳಿದಿರುತ್ತದೆ. ಹಾಗೆ ನುಂಗಿದ ಗಾಳವನ್ನು ಕೀಳಲು ಹೋಗಬೇಡಿ, ಲೈನನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಟ್ಟರೆ ಬದುಕುವ ಸಾಧ್ಯತೆ ಹೆಚ್ಚು.

ಮೀನು ಸಾಕುವ ಹ್ಯಾಚರಿಯಿಂದ ಈಗಷ್ಟೇ ಬಿಟ್ಟ ಟ್ರೌಟ್‌ಗೆ ಪವರ್‌ಬೇಟ್ ಎಂಬ ಬಣ್ಣದ ಹಿಟ್ಟು ಚೆನ್ನಾಗಿ ನಡೆಯುತ್ತದೆ, ನಮ್ಮಲ್ಲಿ ಕಾಟ್ಲಾ ರೋಹುಗೆ ಹಿಟ್ಟಿನುಂಡೆ ಕಟ್ಟುವ ಲೆಕ್ಕವೇ. ಕ್ರೇಫಿಶ್ ಎರೆ ಮಾಡುವುದಾದರೆ ಎಲ್ಲಿ ಹಿಡಿದಿರೋ ಆ ನೀರಿನಲ್ಲೇ ಬಳಸಿ. ಜೀವಂತ ಕ್ರೇಫಿಶ್ಶನ್ನು ಇನ್ನೊಂದು ಹಳ್ಳಕ್ಕೆ ಒಯ್ಯುವುದು ಇಲ್ಲಿ ಅಪರಾಧ. ಹೊರಗಿನ ಜಾತಿಗಳು ಹಾಗೇ ಹರಡಿವೆ.

ಆಗಸ್ಟ್ ನಡುವಿನಿಂದ ಕೊನೆಯವರೆಗೆ ಯೆಲ್ಲೋ ಬ್ರೀಚಸ್‌ನಲ್ಲಿ ಬಿಳಿ ಮೇಫ್ಲೈ ಎಂಬ ರೆಕ್ಕೆಹುಳು ನೀರಿನಿಂದ ಏಳುತ್ತದೆ. ಕತ್ತಲಾಗುವ ಹೊತ್ತಿಗೆ ಹಿಮ ಸುರಿದ ಹಾಗೆ ನೀರಿನ ಮೇಲೆಲ್ಲ ಬಿಳಿ. ಅದಕ್ಕೇ ದೂರದಿಂದ ಜನ ಬರುತ್ತಾರೆ. ಫ್ಲೈ ರಾಡ್ ಇಲ್ಲದವರು ನೀರು ತುಂಬಿಸಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಗುಂಡು ಕಟ್ಟಿ, ಅದರಾಚೆ ನಾಲ್ಕಡಿ 4 ಪೌಂಡ್ ಲೈನಿಗೆ 12 ಅಥವಾ 14ನೇ ನಂಬರಿನ ಬಿಳಿ ಫ್ಲೈ ಕಟ್ಟಿದರೆ ಸ್ಪಿನ್ನಿಂಗ್ ರಾಡಿನಲ್ಲೇ ಎಸೆಯಬಹುದು. ಥರ್ಮಾಮೀಟರ್ ಆ ಸಂಜೆಯೂ ಬೇಕು. 68 ದಾಟಿದ್ದರೆ ಕೆಳಗಿನ ಬ್ಯಾಸ್ ನೀರಿಗೆ ಹೋಗಿ, ಬ್ಯಾಸ್ ಕೂಡ ಈ ಹುಳುವನ್ನು ಬಿಡುವುದಿಲ್ಲ.

ನೀರಿಗಿಳಿಯುವ ಮೊದಲು

ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್ ಕ್ಯಾಂಪ್ ಹಿಲ್ ಹತ್ತಿರ ಈ ಹಳ್ಳದ ಹರಿವನ್ನು ಅಳೆದು ಇಂಟರ್ನೆಟ್ಟಿನಲ್ಲಿ ಹಾಕುತ್ತದೆ. ಬರಿಯ ಅಂಕಿ ನೋಡಿ ಏನೂ ತಿಳಿಯದು. ಆ ದಿನಾಂಕದ ಹಲವು ವರ್ಷಗಳ ಮಧ್ಯಮ ಮೌಲ್ಯವನ್ನೂ ಪಕ್ಕದಲ್ಲಿ ತೋರಿಸಿರುತ್ತಾರೆ, ಅದರ ಜೊತೆ ಹೋಲಿಸಿ. ಅದರ ಎರಡರಷ್ಟಿದ್ದರೆ ನೀರಿಗಿಳಿಯುವ ಆಲೋಚನೆ ಬಿಟ್ಟು ದಡದಂಚಿನ ನಿಧಾನದ ನೀರಿಗೆ ಎರೆಹುಳು ಬಿಡಿ. ಮೀನೂ ಆಗ ಅಲ್ಲೇ ಇರುತ್ತದೆ.

ಇಳಿಯಬಹುದೋ ಬಾರದೋ ಎನ್ನಲು ಹರಿವು ಅಳೆಯುವವರೇ ಬಳಸುವ ಲೆಕ್ಕವಿದೆ: ಆಳ ಎಷ್ಟು ಅಡಿ, ವೇಗ ಸೆಕೆಂಡಿಗೆ ಎಷ್ಟು ಅಡಿ, ಎರಡನ್ನೂ ಗುಣಿಸಿ 10 ಬಂದರೆ ಇಳಿಯಬಾರದು. ಒಂದು ಕಡ್ಡಿ ಎಸೆಯಿರಿ. 12 ಅಡಿಯನ್ನು ಮೂರು ಸೆಕೆಂಡಿನಲ್ಲಿ ದಾಟಿದರೆ ವೇಗ 4. ತೊಡೆ ಮುಟ್ಟುವ ಎರಡೂವರೆ ಅಡಿ ನೀರಿಗೆ ಅಲ್ಲಿಗೆ 10 ಆಯಿತು. ಹೊಸಬರು 7ಕ್ಕೇ ನಿಲ್ಲಿಸುವುದು ಕ್ಷೇಮ, ಪಾಚಿ ಹಿಡಿದ ಸುಣ್ಣಕಲ್ಲು ಬಹಳ ಜಾರುತ್ತದೆ. ಎದೆಯವರೆಗಿನ ವೇಡರ್ (ನೀರು ಒಳಬಿಡದ ಉಡುಪು) ಹಾಕಿದ್ದರೆ ಸೊಂಟದ ಬೆಲ್ಟ್ ಬಿಗಿಯಲೇಬೇಕು, ಬಿದ್ದಾಗ ನೀರು ಕಾಲಿಗೆ ತುಂಬುವುದನ್ನು ಅದು ತಡೆಯುತ್ತದೆ. ಮೇಯಿಂದ ಮುಂದೆ ರಕ್ತ ಹೀರುವ ಉಣ್ಣಿಗಳ ಕಾಟ. ಅವು ಕಚ್ಚಿ ಹರಡುವ ಲೈಮ್ ರೋಗ ಅಮೆರಿಕದಲ್ಲೇ ಅತಿ ಹೆಚ್ಚು ಕಾಣುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ ಒಂದು. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮಂಡಿಯ ಹಿಂಭಾಗ, ಕಂಕುಳು, ತಲೆಗೂದಲು ನೋಡಿಕೊಳ್ಳಿ.

ಕಾನೂನಿನಲ್ಲಿ ಎಡವುವುದು ಸುಲಭ. 16 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು, ಟ್ರೌಟ್‌ಗೆ ಅದರ ಮೇಲೊಂದು ಪರ್ಮಿಟ್ ಬೇಕು. ಊರಿಂದ ಬಂದ ಅಪ್ಪ ಅಮ್ಮ ಪಕ್ಕದಲ್ಲಿ ಕೂತು ನೋಡಬಹುದು, ರಾಡ್ ಹಿಡಿದರೆ ಅವರಿಗೂ ಬೇಕು. ಮೂರು ದಿನದ್ದು, ಏಳು ದಿನದ್ದು ಟೂರಿಸ್ಟ್ ಲೈಸೆನ್ಸ್ ಸಿಗುತ್ತದೆ. ಮೇ ಕೊನೆಯಲ್ಲಿ ಬರುವ ಮೆಮೋರಿಯಲ್ ಡೇ ವಾರಾಂತ್ಯದ ಭಾನುವಾರ ಮತ್ತು ಜುಲೈ 4, ಈ ಎರಡು ದಿನ ಲೈಸೆನ್ಸ್ ಇಲ್ಲದೆಯೂ ಹಿಡಿಯಬಹುದು, ಉಳಿದ ನಿಯಮಗಳು ಮಾತ್ರ ಹಾಗೇ ಇರುತ್ತವೆ. ಟ್ರೌಟ್ ಹಿಡಿಯುವ ಕಾಲ ಶುರುವಾಗುವುದು ಏಪ್ರಿಲಿನ ಮೊದಲ ಶನಿವಾರ ಬೆಳಗ್ಗೆ 8ಕ್ಕೆ. ಲೇಬರ್ ಡೇವರೆಗೆ (ಸೆಪ್ಟೆಂಬರಿನ ಮೊದಲ ಸೋಮವಾರ) ದಿನಕ್ಕೆ 5 ಇಟ್ಟುಕೊಳ್ಳಬಹುದು, ಒಂದೊಂದೂ ಕನಿಷ್ಠ 7 ಇಂಚು. ಆಮೇಲೆ ದಿನಕ್ಕೆ 3. ಬ್ಯಾಸ್ ಮೊಟ್ಟೆಯಿಡುವ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ಆಗ ಗಂಡು ಬ್ಯಾಸ್ ಜಲ್ಲಿಯಲ್ಲಿ ತಟ್ಟೆಯಷ್ಟಗಲದ ಗೂಡು ಮಾಡಿ ಕಾಯುತ್ತಿರುತ್ತದೆ. ಅದನ್ನು ಎಳೆದು ತೆಗೆದ ಕೆಲವೇ ನಿಮಿಷಗಳಲ್ಲಿ ಸಣ್ಣ ಮೀನುಗಳು ಮೊಟ್ಟೆ ತಿಂದು ಮುಗಿಸುತ್ತವೆ. ಕಾಣುವ ಗೂಡಿಗೆ ಮತ್ತೆ ಮತ್ತೆ ಎಸೆಯುವುದೇ ನಿಷಿದ್ಧ. ಬಾಯ್ಲಿಂಗ್ ಸ್ಪ್ರಿಂಗ್ಸ್ ಕೆಳಗಿನ ಸುಮಾರು ಒಂದು ಮೈಲಿಯಲ್ಲಿ ಎರೆಹುಳು, ಹಿಟ್ಟು ಏನೂ ನಡೆಯದು, ಕೃತಕ ಲೂರ್ ಮಾತ್ರ, ಹಿಡಿದದ್ದನ್ನೆಲ್ಲ ಬಿಡಬೇಕು. ಸಸ್ಕ್ವೆಹಾನಾದ ಸನ್‌ಬರಿಯಿಂದ ಹೋಲ್ಟ್‌ವುಡ್ ಅಣೆಕಟ್ಟಿನವರೆಗೆ ಬ್ಯಾಸ್ ವರ್ಷವಿಡೀ ಬಿಡಬೇಕಾದ ಮೀನು. ಹಳ್ಳ ನದಿಗೆ ಸೇರುವ ಬಾಯಿಯ ಹತ್ತಿರ ನಿಂತಿದ್ದರೆ ನೀವೂ ಅದೇ ನಿಯಮ ಪಾಲಿಸಿ. ರಾಜ್ಯದ ಫಿಶ್ ಅಂಡ್ ಬೋಟ್ ಕಮಿಷನ್ ಪ್ರತಿ ವರ್ಷ ನಿಯಮಗಳ ಪುಸ್ತಿಕೆ ತರುತ್ತದೆ, ಆ ವರ್ಷದ್ದನ್ನೇ ನೋಡಿ.

ದಡ ಬಹುಪಾಲು ಖಾಸಗಿ ಜಮೀನು. ಬೋರ್ಡ್ ಇಲ್ಲ ಅಂತ ನುಗ್ಗಬೇಡಿ. 2020ರಿಂದ ಮರಕ್ಕೆ ಬಳಿದ ನೇರಳೆ ಬಣ್ಣದ ಪಟ್ಟಿಯೂ ಒಳಗೆ ಬರಬೇಡಿ ಎಂಬ ಬೋರ್ಡಿಗೆ ಸಮ.

ಬಿಡುವುದು, ಕೊಲ್ಲುವುದು, ಬೇಯಿಸುವುದು

ಬಿಡುವ ಉದ್ದೇಶವಿದ್ದರೆ ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣ ಕೈಗೆ ಅಂಟುವ ಲೋಳೆಯೇ ಅದಕ್ಕೆ ಬೂಷ್ಟಿನಿಂದ ರಕ್ಷಣೆ. ಫೋಟೋಗೆ ನೀರಿನಿಂದ ಹೊರಗೆ ಹತ್ತು ಸೆಕೆಂಡು, ಅದಕ್ಕಿಂತ ಹೆಚ್ಚು ಬೇಡ. ಬ್ಯಾಸ್ ಆದರೆ ಕೆಳದವಡೆಯನ್ನು ಹೆಬ್ಬೆರಳಲ್ಲಿ ಹಿಡಿದು ನೇರ ಕೆಳಕ್ಕೆ ತೂಗಬಹುದು. ಅಡ್ಡಡ್ಡ ಎತ್ತಿದರೆ ಇಡೀ ಮೈಭಾರ ದವಡೆಯ ಕೀಲಿಗೆ ಬೀಳುತ್ತದೆ. ಟ್ರೌಟ್‌ಗೆ ದವಡೆ ಹಿಡಿತವೇ ಕೂಡದು, ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿಯಿರಿ, ಹಿಸುಕಬೇಡಿ. ಅಕ್ಟೋಬರ್ ನವೆಂಬರಿನಲ್ಲಿ ಬ್ರೌನ್ ಟ್ರೌಟ್ ಜಲ್ಲಿಯಲ್ಲಿ ಮೊಟ್ಟೆಯಿಡುತ್ತದೆ. ಸುತ್ತಲ ಕಂದು ನೆಲದ ನಡುವೆ ತೊಳೆದಂತೆ ಬೆಳ್ಳಗೆ ಕಾಣುವ ಜಲ್ಲಿಯ ಮೇಲೆ ಕಾಲಿಡಬೇಡಿ.

ತಿನ್ನಲು ಇಟ್ಟುಕೊಳ್ಳುವುದಾದರೆ ಹಗ್ಗಕ್ಕೆ ಪೋಣಿಸಿ ಬೆಚ್ಚನೆಯ ನೀರಿನಲ್ಲಿ ಮಧ್ಯಾಹ್ನದವರೆಗೆ ಎಳೆದಾಡಬೇಡಿ, ಮಾಂಸ ಮೆತ್ತಗಾಗುತ್ತದೆ. ತಲೆಗೆ ಒಂದೇ ಏಟು, ಕಿವಿರು ಕತ್ತರಿಸಿ ರಕ್ತ ಹರಿಸಿ, ಅಲ್ಲೇ ಹೊಟ್ಟೆ ಸೀಳಿ ಶುಚಿ ಮಾಡಿ ಐಸಿಗೆ ಹಾಕಿ. ಬೆನ್ನುಮೂಳೆಯ ಉದ್ದಕ್ಕೆ ಒಳಗೆ ಅಂಟಿರುವ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಬೇಕು, ಕಹಿಯೂ ನಾತವೂ ಅದರಿಂದಲೇ. ಟ್ರೌಟ್‌ಗೆ ಪೊರೆ ತೆಗೆಯುವ ಕೆಲಸವಿಲ್ಲ. ಬ್ಯಾಸ್ ಚರ್ಮಕ್ಕೆ ಹಳ್ಳದ ವಾಸನೆ ಇರುತ್ತದೆ, ಸುಲಿದು ಹೋಳು ಮಾಡುವುದೇ ಸರಿ. ಪಾದರಸ ಮುಂತಾದ ವಿಷಾಂಶಗಳ ಕಾರಣಕ್ಕೆ, ರಾಜ್ಯದ ನೀರಿನಲ್ಲಿ ಹಿಡಿದ ಮೀನನ್ನು ವಾರಕ್ಕೆ ಒಂದು ಊಟಕ್ಕಿಂತ, ಅಂದರೆ ಅರ್ಧ ಪೌಂಡಿಗಿಂತ, ಹೆಚ್ಚು ತಿನ್ನಬೇಡಿ ಅಂತ ರಾಜ್ಯದ ಸಲಹೆಯಿದೆ.

ಟ್ರೌಟ್ ಮಾಂಸ ಬಹಳ ಮೃದು. ಸಾರಿಗೆ ಹಾಕಿದರೆ ಒಡೆದು ಮುಳ್ಳೆಲ್ಲ ಸಾರಿನಲ್ಲಿ. ಹತ್ತಿಂಚಿನದನ್ನು ಇಡಿಯಾಗಿ, ಎರಡೂ ಬದಿಗೆ ಮೂರು ಗೀರು ಹಾಕಿ, ಖಾರದಪುಡಿ, ಅರಿಸಿನ, ಉಪ್ಪು, ಹುಣಸೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ನಡು ಉರಿಗೆ ಒಂದೊಂದು ಬದಿ ನಾಲ್ಕೈದು ನಿಮಿಷ. ಮೊದಲ ಬದಿ ತಾನಾಗಿ ಕಾವಲಿ ಬಿಡುವವರೆಗೆ ತಿರುವಿ ಹಾಕಬೇಡಿ, ಚರ್ಮ ಕಿತ್ತುಬರುತ್ತದೆ. ಬ್ಯಾಸ್ ಗಟ್ಟಿ ಮೀನು, ತೆಂಗಿನಕಾಯಿ ಅರೆದ ಹುಳಿಗೆ ಅದೇ ಸರಿ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಹೋಳು ಹಾಕಿ, ಸೌಟು ಆಡಿಸದೆ ಪಾತ್ರೆಯನ್ನೇ ಅಲುಗಾಡಿಸಿ, ಆರೇಳು ನಿಮಿಷಕ್ಕೆ ಇಳಿಸಿ.